ಯಂತ್ರವು ಹಾಡಿದ ಪಲ್ಲವಿ: ಒಂದು ಇಂಗ್ಲಿಷ್ ವಾದ್ಯವೃಂದದ ಮೊದಲ ಮುದ್ರಿಕೆಗಳನ್ನು ಕುರಿತು

೧

ಕಾವ್ಯಮೀಮಾಂಸೆಯನ್ನು ಬೋಧಿಸುವವರಲ್ಲಿ ಒಂದು ಅಭ್ಯಾಸ ಬೆಳೆದುಬಿಡುತ್ತದೆ. ಲಕ್ಷಣವನ್ನು ಹೇಳಿ, ಅದಕ್ಕೆ ಒಪ್ಪುವ ಲಕ್ಷ್ಯವನ್ನು ಹಳೆಯ ಕಾವ್ಯಗಳಿಂದ ಆಯ್ದು ತೋರಿಸಿ, ಪಾಠ ಮುಗಿಯಿತೆಂದು ತೃಪ್ತರಾಗುತ್ತೇವೆ. ನಮ್ಮದಲ್ಲದ, ಕಲೆಯೆಂದು ನಾವು ಮೊದಲು ಒಪ್ಪದಿರುವ ಒಂದು ವಸ್ತುವಿನ ಎದುರಿನಲ್ಲಿಯೂ ಆ ಲಕ್ಷಣ ನಿಲ್ಲುವುದೆ ಎಂದು ಪರೀಕ್ಷಿಸುವ ಸಂದರ್ಭ ಒದಗುವುದು ಅಪೂರ್ವ. ಔಚಿತ್ಯವಿಚಾರವನ್ನು ಕುರಿತು ಪಾಠ ಹೇಳುತ್ತಿದ್ದಾಗ ಅಂತಹ ಸಂದರ್ಭವೊಂದು ಅನಿರೀಕ್ಷಿತವಾಗಿ ಒದಗಿತು. ಪ್ರಕೃತ ಲೇಖನ ಅದರ ಫಲ.

ತರಗತಿಯ ವಿದ್ಯಾರ್ಥಿನಿಯೊಬ್ಬರು ನಮಗೆ ಒಂದು ಇಂಗ್ಲಿಷ್ ಹಾಡನ್ನು ಕೇಳಿಸಿದರು. ಅದರ ಹೆಸರು ‘ಎನೋಲಾ ಗೇ’. ಹಾಡು ಲಘುವಾದುದು, ಮಧುರವಾದುದು. ಒಮ್ಮೆ ಕೇಳಿದರೆ ಮಟ್ಟು ಮನಸ್ಸಿನಲ್ಲಿ ನಿಲ್ಲುವಂತಹುದು. ನಾವು ಮಾತುಗಳಿಗೆ ಅಷ್ಟಾಗಿ ಕಿವಿಗೊಡಲಿಲ್ಲ. ಬೆರಳು ಮಾತ್ರ ಮೇಜಿನ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು. ಹಾಡು ಮುಗಿದ ಬಳಿಕ ಆಕೆ ಅದರ ವಸ್ತುವನ್ನು ತಿಳಿಸಿದರು: ೧೯೪೫ನೆಯ ಆಗಸ್ಟ್ ೬ರಂದು ಹಿರೋಷಿಮಾ ನಗರದ ಮೇಲೆ ಪರಮಾಣು ಬಾಂಬನ್ನು ಹಾಕಿದ ವಿಮಾನದ ಹೆಸರು ಎನೋಲಾ ಗೇ. ತಾಳ ಹಾಕಿದ ಬೆರಳಿಗೆ ನಾಚಿಕೆಯಾಯಿತು. ಇಂತಹ ವಸ್ತುವಿಗೆ ಇಂತಹ ಮಟ್ಟೆ? ಇದಕ್ಕಿಂತ ದೊಡ್ಡ ಅನೌಚಿತ್ಯವುಂಟೆ? ಎಂದು ಅಲ್ಲಿಯೇ ತೀರ್ಪು ಕೊಟ್ಟೆವು.

ತೀರ್ಪು ಕೊಟ್ಟುದು ಸುಲಭವಾಯಿತು. ಅದನ್ನು ಸಮರ್ಥಿಸುವುದು ಅಷ್ಟು ಸುಲಭವಾಗಲಿಲ್ಲ. ಒಂದು ಹಾಡನ್ನು ಮಾತ್ರ ಕೇಳಿ ಕವಿಯ ಅಭಿಪ್ರಾಯವನ್ನು ನಿರ್ಣಯಿಸುವುದು ನ್ಯಾಯವಲ್ಲವೆಂದು ತೋರಿದುದರಿಂದ, ಅದನ್ನು ರಚಿಸಿದವರ ಮೊದಲ ಮುದ್ರಿಕೆಗಳನ್ನು ಅವು ಹೊರಬಂದ ಅನುಕ್ರಮದಲ್ಲಿಯೇ ಕೇಳುತ್ತ ಬಂದೆವು. ೧೯೭೯ ಮತ್ತು ೧೯೮೦ರಲ್ಲಿ ಪ್ರಕಟವಾದ ನಾಲ್ಕು ಸಿಂಗಲ್‌ಗಳು ಈ ಲೇಖನದ ವ್ಯಾಪ್ತಿ. ಸಿಂಗಲ್ ಎಂಬುದು ಪಕ್ಕಕ್ಕೊಂದು ಹಾಡನ್ನು ಹೊತ್ತು, ಸಾಮಾನ್ಯವಾಗಿ ನಿಮಿಷಕ್ಕೆ ೪೫ ಸುತ್ತು ತಿರುಗುವ ೭ ಅಂಗುಲದ ತಟ್ಟೆ. ಮಹಾಕಾವ್ಯದ ಮುಂದೆ ಮುಕ್ತಕವೆಂತೊ ದೀರ್ಘಮುದ್ರಿಕೆಯ ಮುಂದೆ ಇದು ಅಂತು. ಹೇಳಬೇಕಾದುದನ್ನು ಮೂರು ನಾಲ್ಕು ನಿಮಿಷಗಳಲ್ಲಿ ಹೇಳಿ ಮುಗಿಸಬೇಕು; ಮುಂದಿನ ಸರ್ಗದಲ್ಲಿ ತಿದ್ದಿಕೊಳ್ಳುವೆನೆಂಬ ಅವಕಾಶವಿಲ್ಲ.

೨

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಲಿವರ್‌ಪೂಲ್ ನಗರಕ್ಕೆ ಎದುರಾಗಿ, ಮರ್ಸಿ ನದಿಯ ಆಚೆಗೆ ವಿರಲ್ ಎಂಬ ಪರ್ಯಾಯದ್ವೀಪವಿದೆ. ಅಲ್ಲಿ ಶಾಲೆಯ ದಿನಗಳಿಂದ ಗೆಳೆಯರಾಗಿದ್ದ ಆ್ಯಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್ ಎಂಬಿಬ್ಬರು ೧೯೭೮ರಲ್ಲಿ ಈ ವೃಂದವನ್ನು ಕಟ್ಟಿದರು. ಆಗ ಒಬ್ಬರಿಗೆ ೧೯ ವರ್ಷ, ಇನ್ನೊಬ್ಬರಿಗೆ ೧೮. ವೃಂದಕ್ಕೆ ಅವರು ಇಟ್ಟ ಹೆಸರು ‘ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದಿ ಡಾರ್ಕ್’. ಕತ್ತಲೆಯಲ್ಲಿ ವಾದ್ಯವೃಂದದ ವ್ಯೂಹಚಲನೆಗಳು ಎಂದು ಇದರ ಅರ್ಥ. ಅಂದಿನ ಇಂಗ್ಲೆಂಡಿನಲ್ಲಿ ಪ್ರಬಲವಾಗಿದ್ದ ಪಂಕ್ ಪಂಥದವರೆಂದು ಜನ ತಪ್ಪು ತಿಳಿಯಬಾರದೆಂದೇ ಇಷ್ಟು ದೀರ್ಘವೂ ಆಡಂಬರವುಳ್ಳದ್ದೂ ಆದ ಹೆಸರನ್ನು ಆರಿಸಿದರು. ಶ್ರೋತೃಗಳು ಅದನ್ನು ಓ.ಎಂ.ಡಿ. ಎಂದು ಮೊಟಕುಗೊಳಿಸಿದರು. ನಾವೂ ಹಾಗೆಯೇ ಕರೆಯುತ್ತೇವೆ.

ಇವರ ಗುರುಗಳು ಜರ್ಮನಿಯ ಡ್ಯುಸೆಲ್‌ಡಾರ್ಫಿನ ಕ್ರಾಫ್ಟ್‌ವೆರ್ಕ್ ಎಂಬ ವೃಂದದವರು. ೧೯೭೫ನೆಯ ಸೆಪ್ಟೆಂಬರ್ ೧೧ರಂದು ಲಿವರ್‌ಪೂಲಿನ ಎಂಪೈರ್ ರಂಗಮಂದಿರದಲ್ಲಿ ಅವರು ನಡೆಸಿದ ಕಚೇರಿಗೆ ಬಾಲಕ ಮೆಕ್‌ಕ್ಲಸ್ಕಿ ಹೋಗಿದ್ದರು. ತಮ್ಮ ಮುಂದಿನ ದಾರಿ ಅಂದು ನಿಶ್ಚಯವಾಯಿತೆಂದು ಅನಂತರ ಅನೇಕ ಬಾರಿ ಹೇಳಿದ್ದಾರೆ. ಗುರುಗಳಲ್ಲಿದ್ದ ಉಪಕರಣಸಂಪತ್ತು ಶಿಷ್ಯರಲ್ಲಿರಲಿಲ್ಲ. ಸಿಂಥಸೈಜರ್ ಎಂಬುದು ವಿದ್ಯುತ್ ಸ್ಪಂದನದಿಂದ ನಾದವನ್ನು ಹುಟ್ಟಿಸುವ, ಕೀಲಿಮಣೆಯುಳ್ಳ ವಾದ್ಯ. ಇವರಿಗೆ ದೊರೆತುದು ಅದರ ಬಡಜಾತಿ: ಕಾರ್ಗ್ ಸಂಸ್ಥೆಯ ಮೈಕ್ರೋ-ಪ್ರಿಸೆಟ್. ಮೆಕ್‌ಕ್ಲಸ್ಕಿಯವರ ತಾಯಿಯ ಬಳಿಯಿದ್ದ ಅಂಚೆವ್ಯಾಪಾರದ ಪಟ್ಟಿಯಿಂದ ತರಿಸಿ, ವಾರಕ್ಕೆ ೭ ಪೌಂಡು ೭೬ ಪೆನ್ಸಿನಂತೆ ೩೬ ವಾರ ಕಂತು ಕಟ್ಟಿ ಅದನ್ನು ತಮ್ಮದಾಗಿಸಿಕೊಂಡರು. ಜೊತೆಗೆ ಒಂದು ಟೇಪ್‌ರೆಕಾರ್ಡರ್. ಅದಕ್ಕೆ, ಜಾರ್ಜ್ ಆರ್ವೆಲರ ‘೧೯೮೪’ ಕಾದಂಬರಿಯ ನಾಯಕನನ್ನು ನೆನೆದು, ವಿನ್‌ಸ್ಟನ್ ಎಂದು ಹೆಸರಿಟ್ಟರು. ೧೯೭೮ನೆಯ ಅಕ್ಟೋಬರಿನಲ್ಲಿ ಲಿವರ್‌ಪೂಲಿನ ಎರಿಕ್ಸ್ ಕ್ಲಬ್ಬಿನಲ್ಲಿ ಇವರ ಮೊದಲ ಕಚೇರಿ ನಡೆದಾಗ ವೇದಿಕೆಯ ಮೇಲೆ ಇದ್ದವರು ಇಬ್ಬರು ಹುಡುಗರು ಮತ್ತು ವಿನ್‌ಸ್ಟನ್. ಹಿಮ್ಮೇಳವನ್ನೆಲ್ಲ ಆ ಯಂತ್ರವೇ ನಡೆಸಿಕೊಟ್ಟಿತು.

ಈ ವಿವರಗಳನ್ನು ಕುತೂಹಲಕ್ಕಾಗಿ ಹೇಳಿದುದಲ್ಲ. ಆ ಅಗ್ಗದ ವಾದ್ಯದಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತದೆ. ಪಾಶ್ಚಾತ್ಯ ಸಂಗೀತದ ಜೀವಾಳವೆನಿಸಿದ ಸ್ವರಮೇಳವನ್ನು ಅದೊಂದರಿಂದಲೇ ನುಡಿಸಲಾಗದು. ಅದು ಕೊಳಲಿನಂತೆ, ಕಂಠದಂತೆ, ಒಂದೇ ಎಳೆಯಲ್ಲಿ ಹಾಡಬಲ್ಲುದು, ಅಷ್ಟೆ. ಓ.ಎಂ.ಡಿ. ವೃಂದದ ಮೊದಲ ಹಾಡುಗಳಲ್ಲಿ ವಾದ್ಯದ ಮಟ್ಟು ಕಂಠದಷ್ಟೇ ಪ್ರಧಾನವಾಗಿರುವುದಕ್ಕೆ ಈ ಬಡತನವೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಏಕನಾದದ ಸಂಗೀತದಲ್ಲಿ ಬೆಳೆದ ನಮ್ಮ ಕಿವಿಗೆ ಈ ಹಾಡುಗಳು ಬೇಗ ಹತ್ತಿರವಾದುದಕ್ಕೂ ಅದೇ ಕಾರಣವಿರಬಹುದು.

ಯಂತ್ರದಿಂದ ಹುಟ್ಟಿದ ನಾದಕ್ಕೆ ಭಾವವೆಲ್ಲಿಂದ ಬರಬೇಕು ಎಂಬ ಆಕ್ಷೇಪವನ್ನು ಇಲ್ಲಿಯೇ ವಿಚಾರಿಸಿಬಿಡಬಹುದು. ನಮ್ಮ ದೇಶದಲ್ಲಿಯೂ ಹಾರ್ಮೋನಿಯಮ್ಮಿನ ವಿಷಯದಲ್ಲಿ ಇದನ್ನು ಹೋಲುವ ವಾದ ನಡೆದಿದೆ. ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿಯಲ್ಲಿ ಆ ವಾದ್ಯಕ್ಕೆ ಪ್ರವೇಶವಿರಲಿಲ್ಲ. ಗಮಕವು ಅದರಲ್ಲಿ ನುಡಿಯದೆಂಬ ಮಾತು ಸತ್ಯವೇ. ಆದರೂ ರಂಗಭೂಮಿಯಲ್ಲಿ, ಭಜನೆಯಲ್ಲಿ, ಹಿಂದೂಸ್ತಾನಿ ಗಾಯನದ ಪಕ್ಕದಲ್ಲಿ ಅದು ಉಳಿಯಿತು. ಇಂದು ವಿದ್ಯುತ್ತಿನ ಶ್ರುತಿಪೆಟ್ಟಿಗೆ ಎಷ್ಟೋ ಕಚೇರಿಗಳಲ್ಲಿ ತಂಬೂರಿಯ ಸ್ಥಾನದಲ್ಲಿದೆ. ವಾದ್ಯವು ಭಾವದ ಆಶ್ರಯವಲ್ಲ, ವಾಹನ. ಅದನ್ನು ಯಾವ ಕಡೆಗೆ ನಡೆಸಿದರೆಂಬುದನ್ನು ವಿಮರ್ಶಕನು ನೋಡಬೇಕು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಈ ವಾದ್ಯವನ್ನು ಕೈಗೆತ್ತಿಕೊಂಡವರು ಇವರಿಬ್ಬರೇ ಅಲ್ಲ. ಷೆಫೀಲ್ಡಿನ ಹ್ಯೂಮನ್ ಲೀಗ್ ವೃಂದದವರ ಮೊದಲ ಸಿಂಗಲ್ ೧೯೭೮ರಲ್ಲಿಯೇ ಬಂದಿತ್ತು. ಗ್ಯಾರಿ ನ್ಯೂಮನ್ನರ ಟ್ಯೂಬ್‌ವೇ ಆರ್ಮಿ ವೃಂದದ ಹಾಡೊಂದು ೧೯೭೯ರಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಸಿಂತ್-ಪಾಪ್ ಎಂದು ಹೆಸರು ಪಡೆದ ಈ ಪಂಥದ ಮೊದಲ ಕೃತಿಗಳಲ್ಲಿ ಅನೇಕವು ಯಂತ್ರನಾದದ ಶೈತ್ಯವನ್ನೇ ವಸ್ತುವಾಗಿಸಿಕೊಂಡುವು; ಮನುಷ್ಯನು ಯಂತ್ರವಾಗುತ್ತಿರುವ ಭೀತಿಯನ್ನು ನುಡಿದುವು. ಓ.ಎಂ.ಡಿ. ವೃಂದದವರ ವೈಶಿಷ್ಟ್ಯ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿದೆ. ಅವರಿಗೆ ಯಂತ್ರದ ಮೇಲೆ ಪ್ರೀತಿಯುಂಟು. ಆ ಪ್ರೀತಿ ಮುಗ್ಧವಾಗಿ ಆರಂಭವಾಗಿ, ಎರಡು ವರ್ಷಗಳೊಳಗೆ ತನ್ನ ಅತ್ಯಂತ ಕಠಿನವಾದ ಪರೀಕ್ಷೆಗೆ ಬಂದು ನಿಂತಿತು ಎಂಬುದು ನಮ್ಮ ಪ್ರತಿಪಾದನೆ.

೩

ಮೊದಲ ಸಿಂಗಲ್ ‘ಇಲೆಕ್ಟ್ರಿಸಿಟಿ’, ೧೯೭೯ನೆಯ ಮೇ ತಿಂಗಳಲ್ಲಿ ಹೊರಬಂದಿತು. ಮ್ಯಾಂಚೆಸ್ಟರಿನಲ್ಲಿ ಫ್ಯಾಕ್ಟರಿ ಎಂಬ ಹೊಸ ಮುದ್ರಿಕಾಸಂಸ್ಥೆಯನ್ನು ನಡೆಸುತ್ತಿದ್ದ ಟೋನಿ ವಿಲ್ಸನ್ನರಿಗೆ ಈ ಹುಡುಗರು ತಮ್ಮ ಹಾಡಿನ ಟೇಪನ್ನು ಕಳುಹಿಸಿದ್ದರು. ಸಂಸ್ಥೆ ೫,೦೦೦ ಪ್ರತಿಗಳನ್ನು ಅಚ್ಚು ಹಾಕಿಸಿತು. ಪೀಟರ್ ಸ್ಯಾವಿಲ್ ರಚಿಸಿದ ಹೊದಿಕೆಯಲ್ಲಿ ಕಪ್ಪಿನ ಮೇಲೆ ಕಪ್ಪು ಮುದ್ರಣ. ಬೆಳಕಿಗೆ ಓರೆಯಾಗಿ ಹಿಡಿದಾಗಲೇ ಅದರ ಆಕೃತಿಗಳು ಸ್ಪಷ್ಟವಾಗುವುವು. ವೃಂದದ ಹೆಸರಿನಲ್ಲಿರುವ ಕತ್ತಲೆಗೂ ಹಾಡಿನ ಹೆಸರಿನಲ್ಲಿರುವ ವಿದ್ಯುತ್ತಿಗೂ ಇದಕ್ಕಿಂತ ಒಪ್ಪುವ ಮುಖಪತ್ರ ದೊರೆಯಲಾರದು.

ಹಾಡಿನ ವಸ್ತು ಮನುಷ್ಯರು ಶಕ್ತಿಯನ್ನು ಪೋಲುಮಾಡುತ್ತಿರುವುದು. ಕ್ರಾಫ್ಟ್‌ವೆರ್ಕ್‌ನವರು ೧೯೭೫ರಲ್ಲಿ ವಿಕಿರಣವನ್ನು ಕುರಿತು ರಚಿಸಿದ್ದ ಹಾಡು ಇದಕ್ಕೆ ಪ್ರೇರಣೆ; ಅದನ್ನು ರಚನಕಾರರೇ ಒಪ್ಪಿಕೊಂಡಿದ್ದಾರೆ. ಆದರೆ ಗುರುವಿನ ಹಾಡಿನ ಮಂದಗಾಂಭೀರ್ಯ ಇಲ್ಲಿ ಇಲ್ಲ. ನಡೆ ಚುರುಕಾದುದು, ಕಂಠಗಳು ಎರಡೂ ಕೂಡಿ ಒಂದೇ ಉಸಿರಿನಲ್ಲಿ ಚರಣವನ್ನು ಹೇಳಿ ಮುಗಿಸುವುವು.

ಮುಖ್ಯವಾದುದು ಮುಂದೆ ಬರುತ್ತದೆ. ಪಾಪ್ ಗೀತದಲ್ಲಿ ಚರಣವು ಮುಗಿದೊಡನೆ ಪಲ್ಲವಿಯನ್ನು ನಿರೀಕ್ಷಿಸುತ್ತೇವೆ. ಹಾಡಿನ ಸಾರವನ್ನು ಎಲ್ಲರೂ ಕೂಡಿ ಹಾಡಬಲ್ಲ ನಾಲ್ಕು ಮಾತುಗಳಲ್ಲಿ ಹಿಡಿದಿಡುವ ಸ್ಥಾನ ಅದು. ‘ಇಲೆಕ್ಟ್ರಿಸಿಟಿ’ಯಲ್ಲಿ ಆ ಸ್ಥಾನ ಬಂದಾಗ ಕಂಠಗಳು ಸುಮ್ಮನಾಗುತ್ತವೆ; ಸಿಂಥಸೈಜರ್ ಒಂದು ಪುಟ್ಟ ಮಟ್ಟನ್ನು ನುಡಿಸುತ್ತದೆ. ಮಾತಿನಿಂದ ಹೇಳಬೇಕಾದ ಸಾರವನ್ನು ವಾದ್ಯದ ವಶಕ್ಕೆ ಕೊಟ್ಟಂತಾಯಿತು. ಇದು ಕೇವಲ ತಂತ್ರವಾಗಿದ್ದರೆ ಹೆಚ್ಚು ಹೇಳಬೇಕಾಗಿರಲಿಲ್ಲ. ಆದರೆ ಮಾತು ವಿದ್ಯುತ್ತಿನ ದುರ್ವ್ಯಯವನ್ನು ದೂಷಿಸುತ್ತಿರುವಾಗ, ಪಲ್ಲವಿಯ ಸ್ಥಾನದಲ್ಲಿ ನಲಿಯುತ್ತಿರುವುದು ಆ ವಿದ್ಯುತ್ತೇ. ದೂಷಿಸುವ ಬಾಯಿಗೆ ದೂಷ್ಯವಸ್ತುವೇ ಉಸಿರು. ಚರಣದಲ್ಲಿ ವಿವೇಕ, ಪಲ್ಲವಿಯಲ್ಲಿ ಪ್ರೀತಿ. ಇವೆರಡರ ವಿರೋಧವನ್ನು ಹಾಡು ಪರಿಹರಿಸುವುದಿಲ್ಲ. ಇಬ್ಬರು ಹುಡುಗರಿಗೆ ಅದು ವಿರೋಧವೆಂದು ತಿಳಿದಿತ್ತೊ ಇಲ್ಲವೊ ಎಂಬುದೂ ಹಾಡಿನಿಂದ ತಿಳಿಯದು. ಆದರೆ ಮುಂದಿನ ಹಾಡುಗಳಿಗೆ ಬೇಕಾದ ಬೀಜ ಇಲ್ಲಿ ಬಿದ್ದಿದೆ.

೪

ಎರಡನೆಯ ಸಿಂಗಲ್ ೧೯೮೦ನೆಯ ಫೆಬ್ರವರಿಯಲ್ಲಿ ಬಂದ ‘ರೆಡ್ ಫ್ರೇಮ್/ವೈಟ್ ಲೈಟ್’. ಈ ವೇಳೆಗೆ ವೃಂದವು ವರ್ಜಿನ್ ಸಂಸ್ಥೆಯ ಅಂಗವಾದ ಡಿನ್‌ಡಿಸ್ಕ್‌ನವರೊಡನೆ ಒಪ್ಪಂದ ಮಾಡಿಕೊಂಡಿತ್ತು. ಮುಂಗಡವಾಗಿ ಬಂದ ಹಣದಿಂದ ಲಿವರ್‌ಪೂಲಿನಲ್ಲಿ ತಮ್ಮದೇ ಆದ ಧ್ವನಿಮುದ್ರಣಶಾಲೆಯನ್ನು ಕಟ್ಟಿಕೊಂಡಿತ್ತು. ಹಾಡಿನ ವಸ್ತು ಮೀಲ್ಸ್ ಎಂಬ ಊರಿನ ಒಂದು ಸಾರ್ವಜನಿಕ ದೂರವಾಣಿ ಪೆಟ್ಟಿಗೆ. ಮೊದಲ ದಿನಗಳಲ್ಲಿ ಈ ವೃಂದದ ಕಾರ್ಯಾಲಯವೆಲ್ಲ ಅದೇ. ಕೆಂಪು ಚೌಕಟ್ಟು, ಬಿಳಿಯ ದೀಪ ಎಂದು ಶೀರ್ಷಿಕೆಯೇ ಅದನ್ನು ವರ್ಣಿಸುತ್ತದೆ. ಆ ಪೆಟ್ಟಿಗೆಯ ದೂರವಾಣಿ ಸಂಖ್ಯೆಯೂ ಹಾಡಿನಲ್ಲಿ ಬಂದಿದೆ.

ನಾಲ್ಕರಲ್ಲಿ ಇದು ದುರ್ಬಲವಾದ ಕೃತಿ. ವಸ್ತು ಅಲ್ಪವೆಂಬುದು ನಮ್ಮ ಆಕ್ಷೇಪವಲ್ಲ. ಅಲ್ಪವಸ್ತುವಿನಿಂದ ಮಹತ್ತಾದುದನ್ನು ಹೊರಡಿಸಿದ ಕವಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಇಲ್ಲಿ ವರ್ಣನೆ ಪಟ್ಟಿಯಾಗಿ ನಿಂತುಬಿಟ್ಟಿದೆ. ಸ್ವಭಾವೋಕ್ತಿಗೆ ಅವಶ್ಯವಾದ ಆ ಒಂದು ಮಿಂಚು, ವಸ್ತುವನ್ನು ಮೊದಲ ಸಲ ಕಂಡಂತಾಗುವ ಚಮತ್ಕಾರ, ಕಾಣಿಸಿಕೊಳ್ಳುವುದಿಲ್ಲ. ವಾದ್ಯದ ಮಟ್ಟು ಮಾತಿನೊಡನೆ ಜಗಳವಾಡುವುದೂ ಇಲ್ಲ, ಅದನ್ನು ಮೀರುವುದೂ ಇಲ್ಲ. ಜೊತೆಯಲ್ಲಿ ನಡೆಯುತ್ತದೆ, ಅಷ್ಟೆ. ಪ್ರೀತಿಯಿದೆ, ಪ್ರೀತಿಗೆ ಎದುರಾಳಿಯಿಲ್ಲ. ಅದರಿಂದ ಧ್ವನಿಯೂ ಇಲ್ಲ. ಇಷ್ಟಾದರೂ ೨೦೧೭ರಲ್ಲಿ ಆ ಪೆಟ್ಟಿಗೆಯನ್ನು ದೂರವಾಣಿ ಸಂಸ್ಥೆಯವರು ಕಿತ್ತುಹಾಕಿದಾಗ ಅಭಿಮಾನಿಗಳು ಮನವಿ ಮಾಡಿಕೊಂಡು ಅದನ್ನು ಮರಳಿ ಸ್ಥಾಪಿಸುವಂತೆ ಮಾಡಿದರು. ಯಂತ್ರವೊಂದರ ಮೇಲಿನ ಮಮತೆ ರಚನಕಾರರಿಂದ ಶ್ರೋತೃಗಳಿಗೂ ಹರಿದುದನ್ನು ಇದು ತೋರಿಸುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಬಂದ ‘ಮೆಸೇಜಸ್’ ಬೇರೆಯ ಮಟ್ಟದ ಕೃತಿ. ಈ ಹಾಡು ಮೊದಲು ವೃಂದದ ದೀರ್ಘಮುದ್ರಿಕೆಯಲ್ಲಿತ್ತು. ಅನಂತರ ಮೈಕ್ ಹೌಲೆಟ್ ಎಂಬ ನಿರ್ಮಾಪಕರ ನೆರವಿನಿಂದ ಅದನ್ನು ಹೊಸದಾಗಿ ಮುದ್ರಿಸಿ ಸಿಂಗಲ್ ಆಗಿ ಹೊರತಂದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ೧೩ನೆಯ ಸ್ಥಾನವನ್ನು ಪಡೆಯಿತು; ವೃಂದದ ಹೆಸರು ಜನಸಾಮಾನ್ಯರಿಗೆ ಪರಿಚಯವಾದುದು ಇದರಿಂದಲೇ.

ಮುರಿದುಹೋದ ಸ್ನೇಹವೊಂದರಿಂದ ಬರುತ್ತಲೇ ಇರುವ ಸಂದೇಶಗಳು ಇದರ ವಸ್ತು. ಹೇಳುವವನಿಗೆ ಅವನ್ನು ಸುಡುವ ಧೈರ್ಯವೂ ಇಲ್ಲ, ಇಟ್ಟುಕೊಳ್ಳುವ ಶಾಂತಿಯೂ ಇಲ್ಲ. ವಿಪ್ರಲಂಭದಲ್ಲಿ ದೂತನಿಗೂ ಓಲೆಗೂ ನಮ್ಮ ಕಾವ್ಯಗಳಲ್ಲಿ ಇರುವ ಸ್ಥಾನವನ್ನು ನಾವು ಬಲ್ಲೆವು. ಅಲ್ಲಿ ಓಲೆ ಬಾರದಿರುವುದು ದುಃಖ. ಇಲ್ಲಿ ಅದು ನಿಲ್ಲದಿರುವುದು ದುಃಖ. ಹಾಡಿನ ತಳದಲ್ಲಿ ಒಂದು ಸ್ವರಸ್ಪಂದನ, ತಂತಿಯ ಮೇಲೆ ಬರುವ ಸಂಕೇತದಂತೆ, ಮೊದಲಿನಿಂದಲೂ ಮಿಡಿಯುತ್ತದೆ. ಅದು ಯಂತ್ರದ ಮಿಡಿತವೂ ಹೌದು, ಎದೆಯ ಮಿಡಿತವೂ ಹೌದು, ಬೇರ್ಪಡಿಸಲು ಬಾರದು. ಮನುಷ್ಯನ ಕೈಯಾದರೆ ದಣಿದು ಎಲ್ಲಿಯಾದರೂ ಸಡಿಲವಾಗುತ್ತಿತ್ತು. ಯಂತ್ರವು ದಣಿಯುವುದಿಲ್ಲ, ಅದರಿಂದಲೇ ಆ ನೋವಿಗೆ ಬಿಡುವಿಲ್ಲವೆಂಬುದು ನಮಗೆ ಮನವರಿಕೆಯಾಗುತ್ತದೆ. ವಾದ್ಯದ ದೋಷವೆಂದು ಎಣಿಸಿದ್ದುದೇ ಇಲ್ಲಿ ಗುಣವಾಯಿತು. ‘ಇಲೆಕ್ಟ್ರಿಸಿಟಿ’ಯಲ್ಲಿ ಅಯಾಚಿತವಾಗಿ ದೊರೆತ ವಿರೋಧವನ್ನು ಈಗ ಅವರು ತಿಳಿದು ಬಳಸುತ್ತಿದ್ದಾರೆಂದು ನಾವು ಊಹಿಸುತ್ತೇವೆ.

೫

ಈಗ ನಮ್ಮನ್ನು ಈ ದಾರಿಗೆ ಎಳೆದ ಹಾಡಿಗೆ ಬರೋಣ. ‘ಎನೋಲಾ ಗೇ’ ಪ್ರಕಟವಾದುದು ೧೯೮೦ನೆಯ ಸೆಪ್ಟೆಂಬರಿನಲ್ಲಿ. ರಚನೆ ಮೆಕ್‌ಕ್ಲಸ್ಕಿಯವರದು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ೮ನೆಯ ಸ್ಥಾನಕ್ಕೇರಿತು. ಯೂರೋಪಿನ ನೃತ್ಯಶಾಲೆಗಳಲ್ಲಿ ಬಹುಕಾಲ ನಿಂತಿತು. ಅದು ಬಂದ ಸಮಯವನ್ನೂ ನೆನೆಯಬೇಕು. ಯೂರೋಪಿನಲ್ಲಿ ಅಮೆರಿಕದ ಹೊಸ ಪರಮಾಣು ಕ್ಷಿಪಣಿಗಳನ್ನು ನಿಲ್ಲಿಸುವ ನಿರ್ಧಾರವನ್ನು ನ್ಯಾಟೋ ೧೯೭೯ನೆಯ ಡಿಸೆಂಬರಿನಲ್ಲಿ ಕೈಗೊಂಡಿತ್ತು. ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ಅದಕ್ಕೆ ನೆಲೆಯಾಗುವುದೆಂದು ೧೯೮೦ನೆಯ ಜೂನಿನಲ್ಲಿ ಸಾರಲಾಗಿತ್ತು. ಆ ವರ್ಷದ ಶ್ರೋತೃವಿಗೆ ಹಿರೋಷಿಮಾ ಮುಗಿದುಹೋದ ಇತಿಹಾಸವಾಗಿರಲಿಲ್ಲ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಇಡುವುದು ನ್ಯಾಯ. ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ಮತ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದೇ ಎಣಿಸಿದನು. ೧೯೪೫ರ ಕೊನೆಯ ವೇಳೆಗೆ ಹಿರೋಷಿಮಾದಲ್ಲಿ ಸತ್ತವರ ಸಂಖ್ಯೆ ಸುಮಾರು ೧,೪೦,೦೦೦ ಎಂದು ಅಂದಾಜು. ಈ ವಸ್ತುವಿಗೆ ಕರುಣ ಒಪ್ಪುತ್ತದೆ, ಭಯಾನಕ ಒಪ್ಪುತ್ತದೆ, ಬೀಭತ್ಸವೂ ಒಪ್ಪುತ್ತದೆ. ಕುಣಿಸುವ ಲಯವೂ ಲಾಲಿಯಂತಹ ಮಟ್ಟೂ ಹೇಗೆ ಒಪ್ಪಬೇಕು? ದುಃಖವನ್ನೂ ಆಸ್ವಾದಿಸುವುದು ಕಲೆಯ ಸ್ವಭಾವವಲ್ಲವೆ ಎಂದರೆ, ಕರುಣರಸದ ಪ್ರೇಕ್ಷಕನಿಗೆ ತನ್ನ ಎದುರಿನಲ್ಲಿರುವುದು ದುಃಖವೆಂಬ ಅರಿವಿರುತ್ತದೆ. ನೃತ್ಯಶಾಲೆಯಲ್ಲಿ ಕುಣಿಯುವವನಿಗೆ ಆ ಅರಿವು ಇರಲೇಬೇಕೆಂಬ ನಿಯಮವಿಲ್ಲ. ನಮಗೇ ಇರಲಿಲ್ಲ. ಇದು ಬಲವಾದ ಆಕ್ಷೇಪ. ನಮ್ಮ ಮೊದಲ ತೀರ್ಪು ಇದರ ಮೇಲೆಯೇ ನಿಂತಿತ್ತು.

ಹಾಡನ್ನು ಮರಳಿ ಮರಳಿ ಕೇಳಿದ ಮೇಲೆ ಮೂರು ಅಂಶಗಳು ನಮ್ಮ ಗಮನಕ್ಕೆ ಬಂದುವು.

ಮೊದಲನೆಯದು, ಮಾಧುರ್ಯವು ಹಾಡುಗಾರನು ಹೊರಗಿನಿಂದ ತಂದು ಹಚ್ಚಿದುದಲ್ಲ. ಅದು ಘಟನೆಯೊಳಗೇ ಇದೆ. ವಿಮಾನವನ್ನು ನಡೆಸಿದ ಪಾಲ್ ಟಿಬೆಟ್ಸ್ ಅದಕ್ಕೆ ತನ್ನ ತಾಯಿಯ ಹೆಸರನ್ನಿಟ್ಟಿದ್ದನು. ಎನೋಲಾ ಗೇ ಎಂಬುದು ಆ ತಾಯಿಯ ಹೆಸರು. ಅದು ಹೊತ್ತೊಯ್ದ ಬಾಂಬಿಗೆ ‘ಪುಟ್ಟ ಹುಡುಗ’ ಎಂಬರ್ಥದ ಹೆಸರಿತ್ತು. ತಾಯಿಯ ಒಡಲಿನಿಂದ ಪುಟ್ಟ ಹುಡುಗನು ಇಳಿದನು. ಒಂದು ನಗರ ಸುಟ್ಟುಹೋಯಿತು. ವಾತ್ಸಲ್ಯದ ಮಾತುಗಳಿಂದ ಸಂಹಾರವನ್ನು ಹೆಸರಿಸಿದವರು ಕವಿಗಳಲ್ಲ, ಸೈನಿಕರು. ಹಾಡು ಈ ಎರಡು ಹೆಸರುಗಳನ್ನೂ ತನ್ನ ಮಾತಿನಲ್ಲಿ ಬಳಸಿಕೊಂಡಿದೆ. ಹೀಗಿರುವಾಗ ಗಂಭೀರವಾದ ಶೋಕಗೀತದ ಮಟ್ಟನ್ನು ಹಾಕಿದ್ದರೆ ಆ ಹೆಸರುಗಳ ಕ್ರೌರ್ಯ ಮರೆಯಾಗುತ್ತಿತ್ತು. ಲಾಲಿಯನ್ನು ಹೋಲುವ ಮಟ್ಟು ಅದನ್ನು ಬಯಲಿಗೆ ಎಳೆಯುತ್ತದೆ. ಮೇಲುನೋಟಕ್ಕೆ ಅನೌಚಿತ್ಯವಾಗಿ ಕಂಡುದು, ಅನುಚಿತವಾಗಿ ನಡೆದ ಒಂದು ಕೃತ್ಯದ ಯಥಾರ್ಥವಾದ ಪ್ರತಿಬಿಂಬ.

ಎರಡನೆಯದು, ಹಾಡಿನ ಬಂಧ. ನಾಲ್ಕು ಸ್ವರಮೇಳಗಳ ಒಂದು ಆವರ್ತ, ೧೯೫೦ರ ದಶಕದ ಅಮೆರಿಕದ ಪ್ರೇಮಗೀತಗಳಲ್ಲಿ ಸವೆದುಹೋದ ಆವರ್ತ, ಮೊದಲಿನಿಂದ ಕೊನೆಯವರೆಗೆ ಒಂದು ಸಲವೂ ಬದಲಾಗದೆ ತಿರುಗುತ್ತದೆ. ಬಾಂಬು ಬಿದ್ದುದು ಬೆಳಗಿನ ೮ ಗಂಟೆ ೧೫ ನಿಮಿಷಕ್ಕೆ. ಆ ಕ್ಷಣದಲ್ಲಿ ನಿಂತುಹೋದ ಕೈಗಡಿಯಾರಗಳನ್ನು ಹಿರೋಷಿಮಾದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ. ಹಾಡು ಆ ವೇಳೆಯನ್ನು ಹೇಳುತ್ತದೆ. ಕಾಲ ಅಲ್ಲಿಯೇ ನಿಂತಿತೆಂದು ಸೂಚಿಸುತ್ತದೆ. ಆದರೆ ಹಾಡಿನ ತಾಳಯಂತ್ರ ನಿಲ್ಲುವುದಿಲ್ಲ, ಸ್ವರಮೇಳ ಕದಲುವುದಿಲ್ಲ. ಮಾತಿನಲ್ಲಿ ಕಾಲ ನಿಂತಿದೆ, ಯಂತ್ರದಲ್ಲಿ ಓಡುತ್ತಿದೆ. ವಿಮಾನವೂ ಹಾಗೆಯೇ ತಿರುಗಿಕೊಂಡು ತನ್ನ ನೆಲೆಗೆ ಕ್ಷೇಮವಾಗಿ ಮರಳಿತಲ್ಲವೆ? ಯಾವುದೇ ವಾಚ್ಯಾರ್ಥ ಇದನ್ನು ಹೇಳಿಲ್ಲ. ಹೇಳಿದ್ದರೆ ಉಪದೇಶವಾಗುತ್ತಿತ್ತು.

ಮೂರನೆಯದು, ಹಾಡು ಯಾರನ್ನು ಕುರಿತು ಮಾತನಾಡುತ್ತದೆ ಎಂಬುದು. ಅದು ಸತ್ತವರನ್ನು ಕರೆಯುವುದಿಲ್ಲ, ಕೊಂದವರನ್ನು ಶಪಿಸುವುದಿಲ್ಲ. ವಿಮಾನವನ್ನೇ ಹೆಸರು ಹಿಡಿದು ಕರೆದು, ಪರಿಚಿತಳಾದ ಹೆಂಗಸೊಬ್ಬಳನ್ನು ವಿಚಾರಿಸುವಂತೆ, ಇದು ಆಗಬೇಕಾಗಿತ್ತೆ ಎಂಬ ಧಾಟಿಯಲ್ಲಿ ಮಾತನಾಡುತ್ತದೆ. ನಗರದ ಜನರ ನೋವು ಹಾಡಿನಲ್ಲಿ ಎಲ್ಲಿಯೂ ನೇರವಾಗಿ ಕಾಣದು. ಇದನ್ನು ನ್ಯೂನತೆಯೆಂದು ಎಣಿಸಬಹುದು. ನಾವು ಬೇರೆಯ ರೀತಿಯಲ್ಲಿ ನೋಡುತ್ತೇವೆ. ೨೧ ವರ್ಷದ ಇಂಗ್ಲಿಷ್ ತರುಣನೊಬ್ಬನು ಹಿರೋಷಿಮಾದ ಸಂತ್ರಸ್ತರ ಬಾಯಿಂದ ಮಾತನಾಡಲು ಹೊರಟಿದ್ದರೆ ಅದು ಸುಲಭವಾದ ಅನುಕರಣವಾಗುತ್ತಿತ್ತು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ತನಗೆ ಆಸಕ್ತಿಯುಂಟೆಂದು ಹೇಳಿಕೊಂಡಿರುವ ಮೆಕ್‌ಕ್ಲಸ್ಕಿ, ಯಂತ್ರವನ್ನು ಪ್ರೀತಿಸುವವರ ಪಕ್ಷದಲ್ಲಿಯೇ ನಿಂತು ಮಾತನಾಡಿದರು. ವಿದ್ಯುತ್ತನ್ನು ಹಾಡಿದವರು, ದೂರವಾಣಿ ಪೆಟ್ಟಿಗೆಯನ್ನು ಹಾಡಿದವರು, ಈಗ ತಾವು ಪ್ರೀತಿಸಬಲ್ಲ ಯಂತ್ರವೊಂದು ಏನು ಮಾಡಿತೆಂಬುದರ ಎದುರಿಗೆ ಬಂದು ನಿಂತಿದ್ದಾರೆ. ಮಟ್ಟಿನಲ್ಲಿರುವ ಮಾಧುರ್ಯ ಆ ಪ್ರೀತಿಯೇ. ಮಾತಿನಲ್ಲಿರುವುದು ಅದರ ವಿಚಾರಣೆ. ಇಲ್ಲಿಯೂ ಪಲ್ಲವಿಯ ಸ್ಥಾನದಲ್ಲಿ ಕಂಠವಿಲ್ಲ, ಯಂತ್ರವೇ ಹಾಡುತ್ತದೆ. ಪ್ರಶ್ನೆಗೆ ಉತ್ತರ ಬರಬೇಕಾದೆಡೆಯಲ್ಲಿ ವಿಮಾನದ ಪರವಾಗಿ ಇನ್ನೊಂದು ಯಂತ್ರವು ಸುಂದರವಾಗಿ, ಏನನ್ನೂ ಹೇಳದೆ, ನುಡಿಯುತ್ತದೆ. ಆ ಮೌನಕ್ಕಿಂತ ಭಯಾನಕವಾದ ಉತ್ತರವನ್ನು ಮಾತಿನಲ್ಲಿ ಕಟ್ಟಲಾಗುತ್ತಿತ್ತೆಂದು ನಮಗೆ ತೋರುವುದಿಲ್ಲ.

ಹಾಗಾದರೆ ಪೂರ್ವಪಕ್ಷ ಬಿದ್ದುಹೋಯಿತೆ? ಪೂರ್ಣವಾಗಿ ಅಲ್ಲ. ಅರಿಯದೆ ಕುಣಿಯುವವನ ಪ್ರಶ್ನೆ ಉಳಿದೇ ಇದೆ. ಜನ್ನನ ‘ಯಶೋಧರಚರಿತೆ’ಯಲ್ಲಿ ಅಮೃತಮತಿ ಕೇಳಿದುದು ಕತ್ತಲೆಯಲ್ಲಿ ತೇಲಿಬಂದ ಒಂದು ಇಂಪಾದ ಗಾನವನ್ನು. ಹಾಡಿದವನು ಯಾರು, ಎಂತಹವನು ಎಂಬುದನ್ನು ಅರಿಯುವ ಮೊದಲೇ ಆಕೆಯ ಮನಸ್ಸು ಅತ್ತ ಹರಿದುಹೋಗಿತ್ತು. ಇಂಪು ತನ್ನ ಮೂಲವನ್ನು ಹೇಳಿಕೊಂಡು ಬರುವುದಿಲ್ಲ; ಅದರಲ್ಲಿಯೇ ಅದರ ಅಪಾಯವಿದೆ. ‘ಎನೋಲಾ ಗೇ’ಯ ಇಂಪಿಗೂ ಈ ಅಪಾಯ ತಪ್ಪಿದುದಲ್ಲ. ವಸ್ತುವನ್ನು ಅರಿತವನಿಗೆ ಅದು ರಸ. ಅರಿಯದವನಿಗೆ ಕೇವಲ ಕಾಲಕ್ಷೇಪ. ಒಂದೇ ಕೃತಿ ಹೀಗೆ ಎರಡಾಗುವುದು ಕೃತಿಯ ದೋಷವೆ, ಶ್ರೋತೃವಿನ ದೋಷವೆ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಹಾಡು ತನ್ನ ವಸ್ತುವನ್ನು ಮುಚ್ಚಿಟ್ಟಿಲ್ಲ, ಶೀರ್ಷಿಕೆಯಲ್ಲಿಯೇ ಇಟ್ಟಿದೆ ಎಂಬುದನ್ನು ಮಾತ್ರ ಮರೆಯಬಾರದು. ಕೇಳುವುದು ನಮ್ಮ ಕೆಲಸವಾಗಿತ್ತು. ನಾವು ತಾ‌ಳ ಹಾಕಿದೆವು.

೬

ಮುಂದಿನ ಮುದ್ರಿಕೆಗಳು ಈ ಲೇಖನದ ವ್ಯಾಪ್ತಿಗೆ ಸೇರಿದುವಲ್ಲವಾದರೂ, ಬೀಜವು ಬೆಳೆದ ಬಗೆಯನ್ನು ತಿಳಿಯಲು ಎರಡನ್ನು ಹೆಸರಿಸಬಹುದು. ೧೯೮೧ರ ‘ಸುವನೀರ್’ ಹಂಫ್ರೀಸರು ಹಾಡಿದುದು. ಅದರ ತಳಹದಿ ಟೇಪಿನ ಮೇಲೆ ಹಿಡಿದ ಗಾಯಕಸಮೂಹದ ಸ್ವರಗಳು. ಯಂತ್ರವನ್ನು ಕಂಠದಂತೆ ಹಾಡಿಸಿದವರು ಈಗ ಕಂಠವನ್ನೇ ಯಂತ್ರದೊಳಗೆ ಇರಿಸಿದರು. ೧೯೮೨ರ ‘ಮೇಡ್ ಆಫ್ ಆರ್ಲಿಯನ್ಸ್’ ೧೪೩೧ರಲ್ಲಿ ಸುಡಲ್ಪಟ್ಟ ಜೋನ್ ಆಫ್ ಆರ್ಕಳನ್ನು ಕುರಿತದ್ದು. ಅದರ ನಡೆ ವಾಲ್ಟ್ಸ್ ನೃತ್ಯದ್ದು. ಬೆಂಕಿ ಮತ್ತು ನೃತ್ಯ ಮತ್ತೆ ಒಂದೆಡೆ ಸೇರಿದುವು. ‘ಎನೋಲಾ ಗೇ’ಯ ಮಾರ್ಗ ಆಕಸ್ಮಿಕವಾದುದಲ್ಲವೆಂಬುದಕ್ಕೆ ಇದು ಸಾಕಷ್ಟು ಪ್ರಮಾಣ.

ಇವು ಮಹಾಕೃತಿಗಳೆಂದು ನಾವು ವಾದಿಸುತ್ತಿಲ್ಲ. ಮಾತಿನ ದೃಷ್ಟಿಯಿಂದ ಎಷ್ಟೋ ಸಾಲುಗಳು ಬಡವಾಗಿವೆ. ಕಾಗದದ ಮೇಲೆ ಬರೆದು ಓದಿದರೆ ನಿಲ್ಲಲಾರವು. ಆದರೆ ಕಂತಿನಲ್ಲಿ ಕೊಂಡ ಒಂದು ವಾದ್ಯದಿಂದ, ಮಾತು ನಿಲ್ಲುವ ಸ್ಥಾನದಲ್ಲಿ ಅರ್ಥವನ್ನು ಮುಂದುವರಿಸುವ ಉಪಾಯವನ್ನು ಇವರು ಕಂಡುಕೊಂಡರು. ಆ ಉಪಾಯವನ್ನು ನಮ್ಮ ಕಾಲದ ಅತ್ಯಂತ ಭಾರವಾದ ವಸ್ತುವಿನ ಮೇಲೆ ಪ್ರಯೋಗಿಸುವ ಧೈರ್ಯವನ್ನು ಮಾಡಿದರು. ಧ್ವನಿ, ಔಚಿತ್ಯ ಎಂಬ ನಮ್ಮ ಹಳೆಯ ಮಾನದಂಡಗಳು ಇಂತಹ ಕೃತಿಯನ್ನೂ ಅಳೆಯಬಲ್ಲುವೆಂಬುದು ನಮಗೆ ಸಂತೋಷವನ್ನುಂಟುಮಾಡಿದ ಸಂಗತಿ. ಅಳೆಯುವಾಗ ಅವಸರ ಕೂಡದೆಂಬುದು ನಾವು ಕಲಿತ ಪಾಠ.

ಮುಂದಿನ ವರ್ಷ ಔಚಿತ್ಯದ ಪಾಠ ಬಂದಾಗ ಈ ಹಾಡನ್ನು ತರಗತಿಯಲ್ಲಿ ಎರಡು ಸಲ ಕೇಳಿಸಬೇಕೆಂದಿದ್ದೇವೆ. ಮೊದಲ ಸಲ ಏನನ್ನೂ ಹೇಳದೆ. ಎರಡನೆಯ ಸಲ ತಾಯಿಯ ಹೆಸರನ್ನೂ ಮಗುವಿನ ಹೆಸರನ್ನೂ ಹೇಳಿ. ನಡುವೆ ವಿದ್ಯಾರ್ಥಿಗಳ ಬೆರಳುಗಳಲ್ಲಿ ಆಗುವ ಬದಲಾವಣೆಯಷ್ಟು ಸ್ಪಷ್ಟವಾದ ವ್ಯಾಖ್ಯಾನವನ್ನು ನಾವು ಬರೆಯಲಾರೆವು.